ಜೋಡಿ ಫೈರ್‌ವಾಲ್: ಪಿಎಫ್‌ಸೆನ್ಸ್, ಫೋರ್ಟಿಗೇಟ್, ಮೈಕ್ರೋಟಿಕ್ ಮೂರನ್ನೂ ಕಟ್ಟಿ, ಕೇಬಲ್ ಕಿತ್ತು ನೋಡಿದಾಗ

ಆಫೀಸಿನ ನೆಟ್ ಕಾಯುವ ಫೈರ್‌ವಾಲ್ ಬಾಕ್ಸ್ ಒಂದು ಕೆಟ್ಟರೆ ಇನ್ನೊಂದು ಕೆಲಸ ಹಿಡಿಯಲಿ ಎಂದು ಎರಡನ್ನು ಸೇರಿಸಿ ಕಟ್ಟುವುದೇ ಜೋಡಿ. ಅದಕ್ಕೆ ಈ ಮೂರರಲ್ಲಿ ಯಾವುದು ಎಂದರೆ, ಸುತ್ತುಬಳಸುವುದು ಬೇಡ, ನನ್ನ ಒಲವು ಪಿಎಫ್‌ಸೆನ್ಸ್ ಜೋಡಿಯ ಕಡೆಗೆ. ಒಂದೇ ಮಾಡೆಲ್ಲಿನ ಎರಡು ಸಣ್ಣ ಬಾಕ್ಸ್, ನಡುವೆ ಒಂದು ನೇರ ಕೇಬಲ್, ಹಿಂದೆ ಮುಂದೆ ಸ್ವಿಚ್, ಇಷ್ಟೇ ಸಾಮಾನು. ವರ್ಷ ತುಂಬಿತೆಂದರೆ ಲೈಸೆನ್ಸ್ ನವೀಕರಣದ ಬಿಲ್ಲು ಬರುವುದಿಲ್ಲ. ಫೋರ್ಟಿಗೇಟ್ ಜೋಡಿ ಕಟ್ಟುವುದು ಇದಕ್ಕಿಂತ ಸಲೀಸು, ಅದನ್ನೂ ಒಪ್ಪುತ್ತೇನೆ. ಮೈಕ್ರೋಟಿಕ್ ಎಲ್ಲಕ್ಕಿಂತ ಅಗ್ಗ, ಆದರೆ ಆ ಜೋಡಿ ನಿಂತಿರುವುದು ಅದನ್ನು ನೋಡಿಕೊಳ್ಳುವವನ ನೆನಪಿನ ಶಕ್ತಿಯ ಮೇಲೆ.

ಲೆಕ್ಕ ಹಾಕಿರುವುದು ನಮ್ಮ ಕಡೆಯ ಮಧ್ಯಮ ಗಾತ್ರದ ಜಾಗಗಳಿಗೆ. ಬಳ್ಳಾರಿಯ ಜೀನ್ಸ್ ಘಟಕ, ಗಂಗಾವತಿ ಕಡೆಯ ರೈಸ್ ಮಿಲ್ ಕಚೇರಿ, ಗಿಣಿಗೇರಿಯ ಕಾರ್ಖಾನೆ, ರಾಯಚೂರಿನ ಖಾಸಗಿ ಆಸ್ಪತ್ರೆ. 40ರಿಂದ 150 ಕಂಪ್ಯೂಟರ್, ಒಂದು ಲೀಸ್ಡ್ ಲೈನ್, ಪಕ್ಕದಲ್ಲಿ ಒಂದು ಫೈಬರ್ ಬ್ರಾಡ್‌ಬ್ಯಾಂಡ್. ಇ-ವೇ ಬಿಲ್ ತೆಗೆಯಲಾಗದಿದ್ದರೆ ಜೀನ್ಸ್ ಬಂಡಲ್ ಹೇರಿದ ಗಾಡಿ ಗೇಟಿನಲ್ಲೇ ನಿಲ್ಲುತ್ತದೆ. ಸುಟ್ಟುಹೋದ ಫೈರ್‌ವಾಲ್‌ಗೆ ಬದಲಿ ಬೆಂಗಳೂರಿನಿಂದ ಬರಬೇಕೆಂದರೆ ರಾತ್ರಿ ಬಸ್ಸೇ ಗತಿ. ಆ ಒಂದು ರಾತ್ರಿ ಮತ್ತು ಮರುದಿನ ಅರ್ಧ ದಿನ ನಿಮಗೆ ಎಷ್ಟು ದುಬಾರಿ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಥ್ರೂಪುಟ್ ಎಷ್ಟು, ಪೋರ್ಟ್ ಎಷ್ಟು ಎನ್ನುವುದು ಕಂಪನಿಗಳ ಪಾಂಪ್ಲೆಟಿನಲ್ಲೇ ಇದೆ, ಇಲ್ಲಿ ಬಿಟ್ಟಿದ್ದೇನೆ.

ಇನ್ನೊಂದು ಮಾತು. ಜೋಡಿ ಫೈರ್‌ವಾಲ್ ಹಾಕಿದರೆ ನೆಟ್ ಹೋಗುವುದೇ ಇಲ್ಲ ಎಂದುಕೊಂಡವರು ಬಹಳ. ರಸ್ತೆ ಅಗೆಯುವ ಜೆಸಿಬಿ ಫೈಬರ್ ಕತ್ತರಿಸಿದರೆ ಎರಡೂ ಬಾಕ್ಸಿಗೂ ಅದೇ ಸತ್ತ ಲೈನು ಕಾಣುತ್ತದೆ. ಫೈರ್‌ವಾಲ್ ಕೆಡುವುದಕ್ಕಿಂತ ಫೈಬರ್ ಕಡಿಯುವುದೇ ಇಲ್ಲಿ ಹೆಚ್ಚು. ದುಡ್ಡು ಒಂದಕ್ಕೇ ಇದ್ದರೆ ಮೊದಲು ಎರಡನೇ ಲೈನ್ ತೆಗೆದುಕೊಳ್ಳಿ, ಬೇರೆ ಕಂಪನಿಯದ್ದು, ಆಗುವುದಾದರೆ ಬೇರೆ ಬೀದಿಯಿಂದ ಬರುವಂಥದ್ದು. ಎರಡನೇ ಫೈರ್‌ವಾಲ್ ಆಮೇಲೆ.

ಪರೀಕ್ಷೆಯ ಕ್ರಮ ಮೂರಕ್ಕೂ ಒಂದೇ. ಲ್ಯಾನ್ ಕಡೆ, ಅಂದರೆ ಆಫೀಸಿನ ಒಳಗಿನ ನೆಟ್‌ವರ್ಕಿನಲ್ಲಿ, ಒಂದು ವಿಂಡೋಸ್ ಲ್ಯಾಪ್‌ಟಾಪ್. ಒಂದು ಕಿಟಕಿಯಲ್ಲಿ ಗೇಟ್‌ವೇಗೆ (ಹೊರಗೆ ಹೋಗುವ ಬಾಗಿಲಿನ ವಿಳಾಸಕ್ಕೆ) ನಿಲ್ಲದ ಪಿಂಗ್ (‘ಇದ್ದೀಯಾ’ ಎಂದು ಕೇಳುವ ಕರೆ), ಇನ್ನೊಂದರಲ್ಲಿ 8.8.8.8ಕ್ಕೆ, ಜೊತೆಗೆ ದೊಡ್ಡದೊಂದು ಡೌನ್‌ಲೋಡ್, ಹೊರಗಿನ ಸರ್ವರ್‌ಗೆ ಒಂದು ಎಸ್‌ಎಸ್‌ಎಚ್ (ಆ ಸರ್ವರ್‌ನಲ್ಲಿ ಇಲ್ಲಿಂದಲೇ ಟೈಪ್ ಮಾಡುವ ಕಿಟಕಿ). ಆಮೇಲೆ ಒಂದೊಂದಾಗಿ ಕೀಳುವುದು: ಮಾಸ್ಟರ್‌ನ (ಸದ್ಯ ಕೆಲಸ ಮಾಡುತ್ತಿರುವ ಬಾಕ್ಸಿನ) ವ್ಯಾನ್ ಕೇಬಲ್ (ಹೊರಗಿನ ಲೈನಿನದು), ಲ್ಯಾನ್ ಕೇಬಲ್, ಪವರ್, ಎರಡು ಬಾಕ್ಸ್ ನಡುವಿನ ಕೇಬಲ್. ಕೊನೆಗೆ, ಸತ್ತ ಮಾಸ್ಟರ್ ಮತ್ತೆ ಎದ್ದು ಬಂದಾಗ ಏನಾಗುತ್ತದೆ ಎಂದು ನೋಡುವುದು. ಈ ಕೊನೆಯದನ್ನೇ ಯಾರೂ ನೋಡುವುದಿಲ್ಲ, ಎಡವಟ್ಟು ಆಗುವುದು ಅಲ್ಲೇ. ಪಿಂಗ್ ಓದುವಾಗ ಒಂದು ಎಚ್ಚರ: ವಿಂಡೋಸ್ ಪಿಂಗ್ ಒಂದು ಉತ್ತರಕ್ಕೆ 4 ಸೆಕೆಂಡು ಕಾಯುತ್ತದೆ. ಹಾಗಾಗಿ ಮೂರೂವರೆ ಸೆಕೆಂಡಿನ ತಡೆ ಆದರೂ ಪರದೆಯ ಮೇಲೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂಬ ಒಂದೇ ಸಾಲು ಬರಬಹುದು. ‘ಒಂದೇ ಪಿಂಗ್ ಹೋಯ್ತು’ ಎಂದು ಡೀಲರ್ ಹೇಳಿದರೆ ಅದನ್ನು ಒಂದು ಸೆಕೆಂಡು ಎಂದುಕೊಳ್ಳಬೇಡಿ.

ಒಂದೇ ಐಪಿಯ ಕಾಟ

ಪಿಎಫ್‌ಸೆನ್ಸ್ ಪರ ಇದ್ದುಕೊಂಡೇ ಅದರ ದೊಡ್ಡ ತಲೆನೋವನ್ನು ಮೊದಲು ಹೇಳುತ್ತೇನೆ. ಅದು ಫೇಲ್‌ಓವರ್‌ಗೆ (ಒಂದು ಕೆಟ್ಟಾಗ ಇನ್ನೊಂದು ಕೆಲಸ ಹಿಡಿಯುವುದಕ್ಕೆ) ಬಳಸುವುದು ಕಾರ್ಪ್ ಎಂಬ ಪದ್ಧತಿ, ಓಪನ್‌ಬಿಎಸ್‌ಡಿಯವರು 2004ರಲ್ಲಿ ಹೊರತಂದದ್ದು. ಪ್ರತಿ ಇಂಟರ್ಫೇಸಿನಲ್ಲೂ ಎರಡು ಬಾಕ್ಸಿಗೆ ಒಂದೊಂದು ಸ್ವಂತ ಐಪಿ, ಜೊತೆಗೆ ಇಬ್ಬರಿಗೂ ಸೇರಿದ ಒಂದು ವರ್ಚುವಲ್ ಐಪಿ (ವಿಐಪಿ). ಲ್ಯಾನ್‌ನಲ್ಲಿ ಇದು ಸಮಸ್ಯೆಯೇ ಅಲ್ಲ: 192.168.10.2 ಮತ್ತು 10.3 ಬಾಕ್ಸುಗಳದ್ದು, 192.168.10.1 ವಿಐಪಿ. ಯಾರು ಮಾಸ್ಟರೋ ಅವರು ವಿಐಪಿಗೆ ಉತ್ತರ ಕೊಡುತ್ತಾರೆ. ವ್ಯಾನ್ ಕಡೆಗೂ ಇದೇ ಲೆಕ್ಕ ಹಾಕಿದರೆ ಮೂರು ಪಬ್ಲಿಕ್ ಐಪಿ ಬೇಕು. ಲೀಸ್ಡ್ ಲೈನ್ ಹಾಕಲು ಬಂದ ಹುಡುಗ ‘ಸರ್, ಒಂದು ಕನೆಕ್ಷನ್‌ಗೆ ಒಂದೇ ಐಪಿ’ ಎನ್ನುತ್ತಾನೆ. ಅವನು ಕೊಡುವುದು /30, ಅಂದರೆ ನಾಲ್ಕು ವಿಳಾಸಗಳ ಪುಟ್ಟ ಕಟ್ಟು. ಅದರಲ್ಲಿ ಬಳಸಲು ಸಿಗುವುದು ಎರಡೇ ವಿಳಾಸ, ಒಂದು ಅವರ ಗೇಟ್‌ವೇ, ಇನ್ನೊಂದು ನಿಮ್ಮದು.

ಆದ್ದರಿಂದ /29 ಕೇಳಬೇಕು, ಅದೂ ಪರ್ಚೇಸ್ ಆರ್ಡರ್ ಬರೆಯುವ ಮುಂಚೆ. /29ರಲ್ಲಿ ಆರು ವಿಳಾಸ ಸಿಗುತ್ತವೆ, ಗೇಟ್‌ವೇ ಕಳೆದರೆ ಐದು. ಅದರಲ್ಲಿ ಮೂರು ವಿಳಾಸ ನಮ್ಮ ಜೋಡಿಗೆ, ಎರಡು ಉಳಿತಾಯ. ಇಲ್ಲೊಂದು ಬಲೆ ಇದೆ. ‘/29 ಕೊಟ್ಟಿದ್ದೇವೆ’ ಎನ್ನುವ ಕಂಪನಿಗಳಲ್ಲಿ ಎರಡು ಬಗೆ. ಒಂದು, ಆ /29 ನೇರವಾಗಿ ನಿಮ್ಮ ಕೇಬಲ್ಲಿನ ಮೇಲೇ ಬರುತ್ತದೆ, ಗೇಟ್‌ವೇ ಅದರೊಳಗೇ ಇರುತ್ತದೆ. ಇನ್ನೊಂದು, ಕೇಬಲ್ ಮೇಲೆ ಅದೇ ಹಳೆಯ /30, ಅದರ ಹಿಂದಕ್ಕೆ /29 ಅನ್ನು ರೂಟ್ ಮಾಡಿ ಕಳಿಸುತ್ತಾರೆ. ಎರಡನೆಯದು ಸರ್ವರ್‌ಗಳಿಗೆ ನ್ಯಾಟ್ (ಒಳಗಿನ ವಿಳಾಸಕ್ಕೂ ಪಬ್ಲಿಕ್ ವಿಳಾಸಕ್ಕೂ ನಡುವಿನ ಬದಲಾವಣೆ) ಮಾಡಲು ಚೆನ್ನ, ಕಾರ್ಪ್‌ಗೆ ಉಪಯೋಗವಿಲ್ಲ, ಯಾಕೆಂದರೆ ಲಿಂಕ್ ಮೇಲೆ ನಿಮ್ಮ ಪಾಲಿಗೆ ಇನ್ನೂ ಒಂದೇ ಐಪಿ. ಆರ್ಡರ್‌ನಲ್ಲಿ ಹೀಗೆ ಬರೆಸಿ: ‘/29 ಬ್ಲಾಕ್ ಹ್ಯಾಂಡ್‌ಆಫ್ ಮೇಲೆಯೇ ಬರಬೇಕು, ಗೇಟ್‌ವೇ ಐಪಿ ಅದೇ ಬ್ಲಾಕ್‌ನೊಳಗಿರಬೇಕು’. ಆಮೇಲೆ ಕೇಳಿದರೆ ಹೊಸ ಫೀಸಿಬಿಲಿಟಿ, ಹೊಸ ಅರ್ಜಿ, ತಿಂಗಳುಗಟ್ಟಲೆ ಓಡಾಟ.

/30ರಲ್ಲೇ ಬದುಕಬೇಕೆಂದರೂ ದಾರಿ ಇದೆ. ಬಾಕ್ಸುಗಳ ವ್ಯಾನ್ ಪೋರ್ಟಿಗೆ ಯಾವುದಾದರೂ ಪ್ರೈವೇಟ್ ವಿಳಾಸ ಕೊಡಿ, 10.255.0.2 ಮತ್ತು 10.255.0.3 ಅಂತಿಟ್ಟುಕೊಳ್ಳಿ. ಸಿಕ್ಕ ಒಂದೇ ಪಬ್ಲಿಕ್ ಐಪಿಯನ್ನು ಕಾರ್ಪ್ ವಿಐಪಿ ಮಾಡಿ. ಒಳಗಿನವರ ಟ್ರಾಫಿಕ್ ಎಲ್ಲ ವಿಐಪಿ ಮೂಲಕ ಹೊರಗೆ ಹೋಗುತ್ತದೆ, ಫೇಲ್‌ಓವರ್ ಕೂಡ ಆಗುತ್ತದೆ. ಆದರೆ ಬ್ಯಾಕಪ್ ಬಾಕ್ಸ್ ಕುರುಡಾಗುತ್ತದೆ. ಅದರ ಕೈಯಲ್ಲಿ ಪಬ್ಲಿಕ್ ಐಪಿ ಇಲ್ಲದ್ದರಿಂದ ಅಪ್‌ಡೇಟ್ ಸಿಗುವುದಿಲ್ಲ, ಹೊರಗಿನ ಟೈಮ್ ಸರ್ವರ್ ಸಿಗುವುದಿಲ್ಲ, ಗೇಟ್‌ವೇ ಮಾನಿಟರ್ ಸದಾ ಕೆಂಪಗೆ. ಅಪ್‌ಡೇಟ್ ಮಾಡಬೇಕಾದಾಗ ಪಾತ್ರ ಅದಲುಬದಲು ಮಾಡಿಕೊಂಡೇ ಮಾಡಬೇಕು. ಇದು ನಡೆಯುತ್ತದೆ, ಇಷ್ಟವಾಗುವುದಿಲ್ಲ.

ಬ್ರಾಡ್‌ಬ್ಯಾಂಡ್ ಕಡೆ ಪಿಪಿಪಿಒಇ (ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಪದ್ಧತಿ) ಇದ್ದರೆ ಕಾರ್ಪ್‌ಗೂ ಅದಕ್ಕೂ ಹೊಂದಾಣಿಕೆ ಇಲ್ಲ. ಒಎನ್‌ಟಿಯನ್ನು (ಕಂಪನಿಯ ಫೈಬರ್ ಮೋಡೆಮ್ಮನ್ನು) ಬ್ರಿಡ್ಜ್‌ನಲ್ಲಿ (ತಾನು ಡಯಲ್ ಮಾಡದೆ ಬರೀ ದಾಟಿಸುವ ಸ್ಥಿತಿಯಲ್ಲಿ) ಇಡಬೇಡಿ, ರೂಟರ್ ಆಗಿಯೇ ಡಯಲ್ ಮಾಡಲಿ. ಅದರ ಲ್ಯಾನ್ 192.168.1.0/24 ಎಂದಿದ್ದರೆ 1.2, 1.3 ಬಾಕ್ಸಿಗೆ, 1.4 ವಿಐಪಿಗೆ, ಒಎನ್‌ಟಿಯ ಡಿಎಂಜೆಡ್ (ಹೊರಗಿನಿಂದ ಬಂದದ್ದನ್ನು ತಳ್ಳುವ ಜಾಗ) ಕೂಡ 1.4ಕ್ಕೆ. ಎರಡು ಸಲ ನ್ಯಾಟ್ ಆಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಎರಡನೇ ಲೈನಿಗೆ ಇದು ಸಾಕು.

ಮ್ಯಾಕ್ ವಿಳಾಸದ, ಅಂದರೆ ಪ್ರತಿ ಪೋರ್ಟಿಗೂ ಇರುವ ಗುರುತಿನ ಸಂಖ್ಯೆಯ, ಜಗಳ ಇದರ ಬೆನ್ನಿಗೇ ಬರುತ್ತದೆ. ಲೈನ್ ಹಾಕಿದ ದಿನ ಸಿಕ್ಕಿಸಿದ ಸಾಧನದ ಮ್ಯಾಕ್ ಅನ್ನೇ ಕೆಲವು ಕಂಪನಿಗಳು ಬೈಂಡ್ ಮಾಡಿಬಿಡುತ್ತವೆ. ಕಾರ್ಪ್ ವಿಐಪಿಗೆ ಅದರದ್ದೇ ವರ್ಚುವಲ್ ಮ್ಯಾಕ್ ಇರುತ್ತದೆ, ಜೊತೆಗೆ ಎರಡು ಬಾಕ್ಸುಗಳ ಸ್ವಂತ ಮ್ಯಾಕ್, ಒಟ್ಟು ಮೂರು. ಒಂದಕ್ಕೇ ಬೈಂಡ್ ಆಗಿದ್ದರೆ ಎಲ್ಲ ಸರಿ ಕಾಣುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಬೈಂಡಿಂಗ್ ತೆಗೆಸಿ. ಆ ವರ್ಚುವಲ್ ಮ್ಯಾಕ್‌ನ ಕೊನೆಯ ಭಾಗ ಆ ವಿಐಪಿಗೆ ನೀವು ಕೊಟ್ಟ ವಿಎಚ್‌ಐಡಿ ಎಂಬ ಗುರುತಿನ ಸಂಖ್ಯೆಯೇ. ಕಾರ್ಪ್‌ನಂಥದೇ ಇನ್ನೊಂದು ಪದ್ಧತಿಯಾದ ವಿಆರ್‌ಆರ್‌ಪಿ ಕೂಡ ಇದೇ ಮ್ಯಾಕ್ ಸಾಲನ್ನು ಬಳಸುತ್ತದೆ. ಲೈನಿನ ಆ ತುದಿಯಲ್ಲಿ ಕಂಪನಿಯವರ ರೂಟರ್ ವಿಆರ್‌ಆರ್‌ಪಿ ಗ್ರೂಪ್ 1 ಓಡಿಸುತ್ತಿದ್ದು ನೀವೂ ವಿಎಚ್‌ಐಡಿ 1 ಇಟ್ಟರೆ ಒಂದೇ ಮ್ಯಾಕ್‌ಗೆ ಇಬ್ಬರು ಒಡೆಯರು. ಎಲ್ಲರೂ 1ರಿಂದ ಶುರು ಮಾಡುತ್ತಾರೆ, ನೀವು ಮಾಡಬೇಡಿ. ವ್ಯಾನ್‌ಗೆ 41, ಲ್ಯಾನ್‌ಗೆ 42, ಹೀಗೆ ಎತ್ತರದ ಸಂಖ್ಯೆ ಇಡಿ.

ಇನ್ನು ಒಂದು ಕೇಬಲ್ ಬಂದದ್ದನ್ನು ಎರಡು ಬಾಕ್ಸಿಗೆ ಹಂಚಲು ನಡುವೆ ಸ್ವಿಚ್ ಬೇಕೇ ಬೇಕು. ಇದು ಮೂರೂ ಆಯ್ಕೆಗೆ ಒಂದೇ. ಐದು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ಸಾಕು, ಲೈನಿಗೊಂದರಂತೆ. ‘ಆ ಸ್ವಿಚ್ ಹೋದರೆ?’ ಎಂದು ಕೇಳುವವರಿಗೆ: ಹೋಗುತ್ತದೆ, ಅದಕ್ಕೇ ರ‍್ಯಾಕ್‌ನಲ್ಲಿ ಅಂಥದೇ ಇನ್ನೊಂದನ್ನು ಇಟ್ಟಿರಿ, ಬದಲಿಸಲು ಎರಡು ನಿಮಿಷ. ಮ್ಯಾನೇಜ್ಡ್ ಸ್ವಿಚ್ಚಿನಲ್ಲೇ ಪ್ರತ್ಯೇಕ ವಿಎಲ್‌ಎಎನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಭಾಗ) ಮಾಡಿ ಮೂರು ಆಕ್ಸೆಸ್ ಪೋರ್ಟ್ ಕೊಟ್ಟರೂ ನಡೆಯುತ್ತದೆ, ಆದರೆ ಫೈರ್‌ವಾಲ್‌ಗೆ ಹೋಗುವ ಪೋರ್ಟುಗಳಲ್ಲಿ ಸ್ಪ್ಯಾನಿಂಗ್ ಟ್ರೀಯ (ಎಸ್‌ಟಿಪಿ, ಕೇಬಲ್ಲುಗಳಲ್ಲಿ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಆನ್ ಮಾಡಿ. ಇಲ್ಲದಿದ್ದರೆ ಹಳೆಯ ಎಸ್‌ಟಿಪಿ ಪೋರ್ಟ್ ಎದ್ದಾಗಲೆಲ್ಲ 15 ಮತ್ತು 15, ಒಟ್ಟು 30 ಸೆಕೆಂಡು ಹಿಡಿದಿಡುತ್ತದೆ. ಮಾಸ್ಟರ್ ಸಾಯುವಾಗ ಇದು ತಿಳಿಯುವುದೇ ಇಲ್ಲ, ಬ್ಯಾಕಪ್‌ನ ಪೋರ್ಟ್ ಆಗಲೇ ತೆರೆದಿರುತ್ತದೆ. ಮಾಸ್ಟರ್ ಮರಳಿ ಬಂದು ‘ನಾನೇ’ ಎಂದಾಗ ಅದರ ಪೋರ್ಟ್ ಇನ್ನೂ ಮುಚ್ಚಿರುತ್ತದೆ. ಎರಡೂ ಕಡೆ ಮಾಸ್ಟರ್ ಎಂದು ತೋರಿಸುತ್ತಾ ಅರ್ಧ ನಿಮಿಷ ಗೊಂದಲ. ಕೆಟ್ಟಾಗ ಸರಿಯಾಗಿದ್ದದ್ದು ರಿಪೇರಿ ಆದಾಗ ಕೆಟ್ಟಿತು ಎನ್ನುವ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ.

ಪಿಎಫ್‌ಸೆನ್ಸ್ ಕಟ್ಟುವ ಕ್ರಮ

ಬಾಕ್ಸ್ ಕೊಳ್ಳುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಎರಡೂ ಒಂದೇ ಮಾಡೆಲ್, ಒಂದೇ ನೆಟ್‌ವರ್ಕ್ ಚಿಪ್ ಇರಲಿ. ಒಂದರಲ್ಲಿ ಪೋರ್ಟಿನ ಹೆಸರು ಐಜಿಬಿ0, ಇನ್ನೊಂದರಲ್ಲಿ ಐಜಿಸಿ0 ಎಂದಾದರೆ ನಡೆಯುತ್ತಿರುವ ಕನೆಕ್ಷನ್‌ಗಳ ಮಾಹಿತಿ ಆ ಕಡೆಗೆ ಹೋದರೂ ಹೊಂದುವುದಿಲ್ಲ, ಫೇಲ್‌ಓವರ್ ಆದಾಗ ಡೌನ್‌ಲೋಡ್ ಕಡಿಯುತ್ತದೆ. ಹಾಗೆ ಬೇರೆಬೇರೆ ಬಾಕ್ಸ್ ಇದ್ದೇ ಬಿಟ್ಟರೆ ಪ್ರತಿ ಪೋರ್ಟನ್ನೂ ಒಂದೊಂದು ಲ್ಯಾಗ್ (ಪೋರ್ಟುಗಳ ಗುಂಪು) ಒಳಗೆ ಹಾಕಿ, ಹೆಸರು ಎರಡೂ ಕಡೆ ಒಂದೇ ಆಗುತ್ತದೆ. ಕನಿಷ್ಠ ನಾಲ್ಕು ಪೋರ್ಟ್: ಎರಡು ವ್ಯಾನ್, ಒಂದು ಲ್ಯಾನ್, ಒಂದು ಸಿಂಕ್ (ಎರಡು ಬಾಕ್ಸ್ ತಮ್ಮೊಳಗೆ ಮಾಹಿತಿ ಹಂಚಿಕೊಳ್ಳಲು).

ಸಿಂಕ್ ಪೋರ್ಟಿಗೆ ಸ್ವಿಚ್ ಬೇಡ, ನೇರ ಕೇಬಲ್. 172.16.99.1 ಮತ್ತು 99.2, /30 ಸಾಕು. ನಡೆಯುತ್ತಿರುವ ಕನೆಕ್ಷನ್‌ಗಳ ಮಾಹಿತಿ ಸಾಗಿಸುವ ಪಿಎಫ್‌ಸಿಂಕ್‌ಗೆ ಪಾಸ್‌ವರ್ಡೂ ಇಲ್ಲ, ಎನ್‌ಕ್ರಿಪ್ಷನ್ನೂ ಇಲ್ಲ, ಅದನ್ನು ಆಫೀಸ್ ಲ್ಯಾನ್ ಮೇಲೆ ಹರಿಬಿಡುವುದು ತಪ್ಪು. ಆ ಇಂಟರ್ಫೇಸಿನಲ್ಲಿ ಪಿಎಫ್‌ಸಿಂಕ್‌ಗೂ ಟಿಸಿಪಿ 443ಕ್ಕೂ ದಾರಿ ಬಿಡುವ ರೂಲ್ ಎರಡೂ ಬಾಕ್ಸಿನಲ್ಲಿ ಹಾಕಿ. ಆಮೇಲೆ ಹೈ ಅವೈಲಬಿಲಿಟಿ ಪುಟದಲ್ಲಿ ಸ್ಟೇಟ್ ಸಿಂಕ್ ಎರಡೂ ಕಡೆ ಆನ್. ಕಾನ್ಫಿಗರೇಷನ್ ಸಿಂಕ್ ಮಾತ್ರ ಮೊದಲನೆಯದರಲ್ಲಿ, ಎರಡನೆಯದರ ಐಪಿ, ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು. ಎರಡೂ ಕಡೆ ತುಂಬಿದರೆ ಒಂದು ಇನ್ನೊಂದಕ್ಕೆ, ಅದು ಮತ್ತೆ ಇದಕ್ಕೆ ಎಂದು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತವೆ.

ಸಿಂಕ್ ಆಗುತ್ತದೆ ಎಂದು ಎಲ್ಲವೂ ಆಗುವುದಿಲ್ಲ. ರೂಲ್, ನ್ಯಾಟ್, ಅಲಿಯಾಸ್, ವಿಐಪಿ ಹೋಗುತ್ತವೆ. ಇಂಟರ್ಫೇಸ್ ಐಪಿ, ವಿಎಲ್‌ಎಎನ್ ಹೋಗುವುದಿಲ್ಲ, ಅವನ್ನು ಎರಡನೆಯದರಲ್ಲಿ ಕೈಯಿಂದಲೇ ಮಾಡಬೇಕು, ಅದೂ ಅದೇ ಕ್ರಮದಲ್ಲಿ. ರೂಲ್‌ಗಳು ಇಂಟರ್ಫೇಸಿಗೆ ನೀವಿಟ್ಟ ‘ಸಿಸಿಟಿವಿ’, ‘ಗೆಸ್ಟ್’ ಎಂಬ ಹೆಸರನ್ನು ನೋಡುವುದಿಲ್ಲ, ಆಪ್ಟ್1, ಆಪ್ಟ್2 ಎಂಬ ಒಳಗಿನ ಸಂಖ್ಯೆಯನ್ನೇ ನೋಡುತ್ತವೆ. ಮೊದಲ ಬಾಕ್ಸಿನಲ್ಲಿ ಆಪ್ಟ್2 ಸಿಸಿಟಿವಿ, ಎರಡನೆಯದರಲ್ಲಿ ಆಪ್ಟ್2 ಗೆಸ್ಟ್ ವೈಫೈ ಆಗಿದ್ದರೆ ಕ್ಯಾಮೆರಾದ ರೂಲ್ ಅತಿಥಿಗಳಿಗೆ ಅಂಟುತ್ತದೆ. ಫೇಲ್‌ಓವರ್ ಆಗುವ ತನಕ ಇದು ಯಾರಿಗೂ ಗೊತ್ತಾಗುವುದಿಲ್ಲ. ಇಂಟರ್ಫೇಸ್ ಅಸೈನ್‌ಮೆಂಟ್ ಪುಟವನ್ನು ಎರಡರಲ್ಲೂ ತೆರೆದು ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿ.

ಔಟ್‌ಬೌಂಡ್ ನ್ಯಾಟ್ ಅನ್ನು ಆಟೋಮ್ಯಾಟಿಕ್‌ನಿಂದ ಮ್ಯಾನುವಲ್‌ಗೆ ತಂದು, ಲ್ಯಾನ್ ಟ್ರಾಫಿಕ್ ವ್ಯಾನ್ ವಿಐಪಿಯಿಂದ ಹೊರಡುವಂತೆ ಬದಲಿಸಿ. ಬದಲಿಸದಿದ್ದರೆ ಕನೆಕ್ಷನ್ ಎಲ್ಲ ಮೊದಲ ಬಾಕ್ಸಿನ ಸ್ವಂತ ಐಪಿಯಿಂದ ಹೊರಟಿರುತ್ತವೆ, ಆ ಬಾಕ್ಸ್ ಹೋದರೆ ಅವೂ ಹೋದಂತೆ. ಆದರೆ 127.0.0.0/8ರ ಸಾಲುಗಳನ್ನು ವಿಐಪಿಗೆ ತಿರುಗಿಸಬೇಡಿ. ಅದು ಫೈರ್‌ವಾಲ್‌ನ ಸ್ವಂತ ಟ್ರಾಫಿಕ್. ತಿರುಗಿಸಿದರೆ ಬ್ಯಾಕಪ್ ಬಾಕ್ಸ್ ತನ್ನದಲ್ಲದ ಐಪಿಯಿಂದ ಮಾತಾಡಲು ಹೋಗಿ ಉತ್ತರ ಮಾಸ್ಟರ್ ಮನೆಗೆ ಬರುತ್ತದೆ. ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಗೇಟ್‌ವೇ, ಡಿಎನ್‌ಎಸ್ ಎರಡಕ್ಕೂ ಲ್ಯಾನ್ ವಿಐಪಿ. ಐಪಿಸೆಕ್ ಮತ್ತು ಓಪನ್‌ವಿಪಿಎನ್ ಇಂಟರ್ಫೇಸ್ ಜಾಗದಲ್ಲೂ ವಿಐಪಿಯನ್ನೇ ಆರಿಸಿ.

ಸಮಯದ ಲೆಕ್ಕ ಸುಲಭ. ಮಾಸ್ಟರ್ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಕೂಗುತ್ತದೆ. ಬ್ಯಾಕಪ್ ಮೂರು ಸೆಕೆಂಡು ಕಾದು, ಮೇಲೆ ತನ್ನ ಸ್ಕ್ಯೂ ಸಂಖ್ಯೆಯನ್ನು (ಸರದಿಯಲ್ಲಿ ಹಿಂದಿಡಲು ಕೊಡುವ ಅಂಕಿ) 256ರಿಂದ ಭಾಗಿಸಿದಷ್ಟು ಕಾಯುತ್ತದೆ. ಸ್ಕ್ಯೂ 100 ಇದ್ದರೆ ಒಟ್ಟು 3.4 ಸೆಕೆಂಡಿನ ಆಸುಪಾಸು. ಪವರ್ ಕಿತ್ತಾಗ ಇಷ್ಟು. ಮಾಸ್ಟರ್ ಬದುಕಿದ್ದು ಅದರ ಒಂದು ಕೇಬಲ್ ಮಾತ್ರ ಹೋದರೆ ಅದು ತನ್ನ ದರ್ಜೆಯನ್ನು ತಾನೇ ಇಳಿಸಿಕೊಂಡು ಎಲ್ಲ ವಿಐಪಿಯನ್ನೂ ಬಿಟ್ಟುಕೊಡುತ್ತದೆ, ಅದು ಇನ್ನೂ ಬೇಗ. ಎಸ್‌ಎಸ್‌ಎಚ್ ಕಿಟಕಿ ಒಂದು ಉಸಿರು ಹಿಡಿದು ಮತ್ತೆ ಟೈಪ್ ಆಗತೊಡಗುತ್ತದೆ.

ಎರಡೂ ಬಾಕ್ಸಿನ ಕಾರ್ಪ್ ಸ್ಟೇಟಸ್ ಪುಟದಲ್ಲಿ ಲ್ಯಾನ್ ಸಾಲು ‘ಮಾಸ್ಟರ್’ ಎಂದು ತೋರಿಸಿ ವ್ಯಾನ್ ಸಾಲು ಸರಿ ಇದ್ದರೆ ಫೈರ್‌ವಾಲ್ ಮುಟ್ಟಲೇಬೇಡಿ, ಲ್ಯಾನ್ ಸ್ವಿಚ್ ನೋಡಿ. ಕಾರ್ಪ್ ಕೂಗುವುದು 224.0.0.18 ಎಂಬ ಮಲ್ಟಿಕಾಸ್ಟ್ (ಗುಂಪಿಗೆಲ್ಲ ಕೇಳಿಸುವ) ವಿಳಾಸಕ್ಕೆ. ಕೆಲವು ಸ್ವಿಚ್ಚುಗಳ ಐಜಿಎಂಪಿ ಸ್ನೂಪಿಂಗ್ ಅಥವಾ ಮಲ್ಟಿಕಾಸ್ಟ್ ತಡೆ ಅದನ್ನು ನುಂಗಿಬಿಡುತ್ತದೆ. ಆ ವಿಎಲ್‌ಎಎನ್‌ನಲ್ಲಿ ಸ್ನೂಪಿಂಗ್ ಆಫ್ ಮಾಡಿದರೆ ತಟ್ಟನೆ ಒಂದು ಬ್ಯಾಕಪ್ ಆಗುತ್ತದೆ.

ಅಪ್‌ಡೇಟ್ ಯಾವಾಗಲೂ ಎರಡನೆಯದಕ್ಕೆ ಮೊದಲು. ಅದು ಎದ್ದ ಮೇಲೆ ಮೊದಲನೆಯದನ್ನು ಪರ್ಸಿಸ್ಟೆಂಟ್ ಮೇಂಟೆನೆನ್ಸ್ ಮೋಡ್‌ಗೆ ಹಾಕಿ, ಟ್ರಾಫಿಕ್ ಆಚೆ ಹೋದದ್ದು ನೋಡಿ, ಅರ್ಧ ಗಂಟೆ ಓಡಿಸಿ, ಆಮೇಲೆ ಅದಕ್ಕೆ. ಎರಡರ ವರ್ಷನ್ ಬೇರೆ ಇರುವಾಗ ರೂಲ್ ಬದಲಿಸಲು ಹೋಗಬೇಡಿ.

ಪಿಎಫ್‌ಸೆನ್ಸ್‌ನಿಂದಲೇ ಕವಲೊಡೆದ ಒಪಿಎನ್‌ಸೆನ್ಸ್ ಬಗ್ಗೆ ಕೇಳುವವರಿಗೆ: ಒಳಗೆ ಅದೇ ಕಾರ್ಪ್, ಅದೇ ಪಿಎಫ್‌ಸಿಂಕ್. ವ್ಯತ್ಯಾಸ ಒಂದೇ, ಅಲ್ಲಿ ಕಾನ್ಫಿಗರೇಷನ್ ತಾನಾಗಿ ಆಚೆ ಹೋಗುವುದಿಲ್ಲ, ಸ್ಟೇಟಸ್ ಪುಟದಲ್ಲಿ ಒತ್ತಬೇಕು ಅಥವಾ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಹಾಕಬೇಕು. ತಪ್ಪು ರೂಲ್ ಹಾಕಿದರೆ ಬ್ಯಾಕಪ್ ಇನ್ನೂ ಚೊಕ್ಕವಾಗಿರುತ್ತದೆ ಎನ್ನುವುದು ಲಾಭ, ಒತ್ತಲು ಮರೆಯುವುದು ನಷ್ಟ.

ಫೋರ್ಟಿಗೇಟ್

ಮೇಲಿನ ಐಪಿ ಪುರಾಣವೆಲ್ಲ ಇಲ್ಲಿ ಇಲ್ಲ. ಇದರ ಎಚ್‌ಎ (ಹೈ ಅವೈಲಬಿಲಿಟಿ) ಪದ್ಧತಿಯಲ್ಲಿ ಎರಡು ಬಾಕ್ಸ್ ಸೇರಿ ಹೊರಗಿನವರಿಗೆ ಒಂದೇ ಫೈರ್‌ವಾಲ್. ವ್ಯಾನ್‌ಗೆ ಒಂದೇ ಐಪಿ, ಒಂದೇ ವರ್ಚುವಲ್ ಮ್ಯಾಕ್. /30 ಇದ್ದರೆ ಧಾರಾಳವಾಗಿ ಸಾಕು. ನನ್ನ ಆಯ್ಕೆಗಿಂತ ಇದು ಮುಂದಿರುವುದು ಈ ಒಂದು ಕಡೆ, ಮತ್ತು ಬಹಳ ಮುಂದೆ.

ಒಂದೇ ಮಾಡೆಲ್, ಒಂದೇ ಫರ್ಮ್‌ವೇರ್. ಎಚ್‌ಎ ಆನ್ ಮಾಡುವ ಹೊತ್ತಿಗೆ ಯಾವ ಇಂಟರ್ಫೇಸೂ ಡಿಎಚ್‌ಸಿಪಿ ಅಥವಾ ಪಿಪಿಪಿಒಇಯಲ್ಲಿ ಇರಬಾರದು. ಮೋಡ್ ಆಕ್ಟಿವ್-ಪ್ಯಾಸಿವ್, ಗ್ರೂಪ್ ಹೆಸರು, ಪಾಸ್‌ವರ್ಡ್, ಪ್ರಯಾರಿಟಿ 200 ಮತ್ತು 100, ಹಾರ್ಟ್‌ಬೀಟ್‌ಗೆ (‘ನಾನಿದ್ದೇನೆ’ ಎಂದು ಒಬ್ಬರಿಗೊಬ್ಬರು ಹೇಳುವ ಸಂದೇಶಕ್ಕೆ) ಎರಡು ಪೋರ್ಟ್, ಎರಡೂ ನೇರ ಕೇಬಲ್. ಒಂದೇ ಹಾರ್ಟ್‌ಬೀಟ್ ಕೇಬಲ್ ಇಟ್ಟು ಅದನ್ನು ಕಿತ್ತರೆ ಇಬ್ಬರೂ ತಾನೇ ಯಜಮಾನ ಎನ್ನುತ್ತಾರೆ. ಮ್ಯಾಕ್ ಕೂಡ ಒಂದೇ ಆದ್ದರಿಂದ ಸ್ವಿಚ್ಚಿಗೆ ಅದು ಒಮ್ಮೆ ಈ ಪೋರ್ಟಿನಲ್ಲಿ, ಒಮ್ಮೆ ಆ ಪೋರ್ಟಿನಲ್ಲಿ ಕಂಡು ಇಡೀ ಆಫೀಸ್ ಒದ್ದಾಡುತ್ತದೆ. ಈ ಪರೀಕ್ಷೆ ಭಾನುವಾರ ಮಾಡಿ. ಹಾರ್ಟ್‌ಬೀಟ್ ಅನ್ನು ಸ್ವಿಚ್ ಮೂಲಕವೇ ಕಳಿಸಬೇಕಾದ ಕಡೆ ಅದು ಮಾಮೂಲಿ ಐಪಿ ಅಲ್ಲ, 8890, 8891, 8893 ಎಂಬ ಈಥರ್‌ಟೈಪ್‌ಗಳು (ಪ್ಯಾಕೆಟ್ ಯಾವ ಬಗೆಯದು ಎನ್ನುವ ಗುರುತು). ಸ್ವಿಚ್ ಅವನ್ನು ಬಿಡಬೇಕು. ಅದೇ ಲ್ಯಾನ್ ಮೇಲೆ ಇನ್ನೊಂದು ಫೋರ್ಟಿಗೇಟ್ ಜೋಡಿ ಇದ್ದರೆ ಗ್ರೂಪ್ ಐಡಿ ಬದಲಿಸಿ, ಇಲ್ಲದಿದ್ದರೆ ಮ್ಯಾಕ್ ಡಿಕ್ಕಿ.

ಸೆಷನ್ ಪಿಕಪ್ (ನಡೆಯುತ್ತಿರುವ ಕನೆಕ್ಷನ್‌ಗಳನ್ನು ಎರಡನೆಯದು ಮುಂದುವರಿಸುವುದು) ತಾನಾಗಿ ಆನ್ ಇರುವುದಿಲ್ಲ. ಎಚ್‌ಎ ಕಟ್ಟಿ ಮುಗಿಸಿ, ಫೇಲ್‌ಓವರ್ ಆದರೂ ವಿಡಿಯೋ ಕಾಲ್ ಕಡಿಯಿತು ಎಂದು ಬೈಯುವವರು ಮೊದಲು ಇದನ್ನು ನೋಡಬೇಕು.

ಪ್ರಯಾರಿಟಿ 200 ಕೊಟ್ಟರೂ ಹಳೆಯ ಯಜಮಾನ ಮರಳಿ ಬಂದಾಗ ಅಧಿಕಾರ ತೆಗೆದುಕೊಳ್ಳದಿರುವುದು ದೋಷವಲ್ಲ. ಓವರ್‌ರೈಡ್ (ಹೆಚ್ಚು ಪ್ರಯಾರಿಟಿಯದ್ದೇ ಯಜಮಾನ ಎನ್ನುವ ಸೆಟ್ಟಿಂಗ್) ಆಫ್ ಇದ್ದರೆ ಲೆಕ್ಕಕ್ಕೆ ಬರುವುದು ಮೊದಲು ಪೋರ್ಟುಗಳ ಸ್ಥಿತಿ, ಆಮೇಲೆ ಎಷ್ಟು ಹೊತ್ತಿನಿಂದ ಎದ್ದಿದೆ ಎನ್ನುವುದು, ಅದರ ನಂತರ ಪ್ರಯಾರಿಟಿ. 5 ನಿಮಿಷದೊಳಗಿನ ವ್ಯತ್ಯಾಸವನ್ನು ಮಾತ್ರ ಸಮ ಎಂದು ಹಿಡಿಯುತ್ತದೆ. ಆಫ್ ಇಡುವುದೇ ಮೇಲು, ಮರಳಿ ಬಂದಾಗಿನ ಇನ್ನೊಂದು ಜರ್ಕ್ ತಪ್ಪುತ್ತದೆ. ಓವರ್‌ರೈಡ್ ಆನ್ ಇದ್ದು ಕೆಟ್ಟ ಬಾಕ್ಸಿನ ಬದಲಿಗೆ ಬಂದ ಹೊಸ ಖಾಲಿ ಬಾಕ್ಸಿಗೆ ಹೆಚ್ಚಿನ ಪ್ರಯಾರಿಟಿ ಕೊಟ್ಟು ಸಿಕ್ಕಿಸಿದರೆ ಖಾಲಿ ಬಾಕ್ಸೇ ಯಜಮಾನನಾಗಿ ಇರುವ ಕಾನ್ಫಿಗರೇಷನ್ ಮೇಲೆ ತನ್ನ ಖಾಲಿತನವನ್ನು ಬರೆದುಬಿಡುವ ಅಪಾಯವಿದೆ. ಬದಲಿ ಬಾಕ್ಸ್ ಸದಾ ಕಡಿಮೆ ಪ್ರಯಾರಿಟಿಯಲ್ಲಿ ಒಳಗೆ ಬರಲಿ, ಅದಕ್ಕೂ ಮುಂಚೆ ಒಂದು ಬ್ಯಾಕಪ್ ಫೈಲ್ ಪೆನ್‌ಡ್ರೈವ್‌ಗೆ ಇಳಿಯಲಿ.

ಇಷ್ಟು ಚೆನ್ನಾಗಿದ್ದೂ ನನಗೆ ಬೇಡವಾದದ್ದು ಲೈಸೆನ್ಸ್‌ಗಾಗಿ. ಎರಡೂ ಬಾಕ್ಸಿಗೆ ಸಮನಾದ ಚಂದಾ ಇರಬೇಕು. ಆಕ್ಟಿವ್-ಪ್ಯಾಸಿವ್‌ನಲ್ಲಿ ಎರಡನೆಯದು ವರ್ಷದ 365 ದಿನವೂ ಬಹುತೇಕ ಕೂತೇ ಇರುತ್ತದೆ. ಕೂತು ಉಣ್ಣುವವನಿಗೂ ದುಡಿಯುವವನಷ್ಟೇ ಸಂಬಳ. ಆಂಟಿವೈರಸ್, ವೆಬ್ ಫಿಲ್ಟರ್ ನಿಜವಾಗಿ ಬಳಸುವ ಆಸ್ಪತ್ರೆಗೆ, ಬ್ಯಾಂಕಿಗೆ ಇದು ನ್ಯಾಯ. ರೂಲ್, ನ್ಯಾಟ್, ಎರಡು ವಿಪಿಎನ್ ಬಿಟ್ಟರೆ ಬೇರೇನೂ ಬಳಸದ ಜೀನ್ಸ್ ಘಟಕಕ್ಕೆ ಅಲ್ಲ.

ಮೈಕ್ರೋಟಿಕ್

ಗೇಟ್‌ವೇ ಹಂಚುವುದಕ್ಕೆ ವಿಆರ್‌ಆರ್‌ಪಿ ಇದೆ. ಲ್ಯಾನ್‌ನಲ್ಲಿ ಸ್ವಂತ ಐಪಿಗಳು /24, ವಿಆರ್‌ಆರ್‌ಪಿ ಇಂಟರ್ಫೇಸಿನ ಐಪಿ /32. ಬ್ಯಾಕಪ್‌ನ ಪ್ರಯಾರಿಟಿ 100 ಇದ್ದರೆ ಅದು 3.6 ಸೆಕೆಂಡು ಕಾಯುತ್ತದೆ, ಕಾರ್ಪ್‌ಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇನ್‌ಪುಟ್ ಚೈನ್‌ನ (ಬಾಕ್ಸಿಗೇ ಬರುವ ಟ್ರಾಫಿಕ್ಕಿನ ರೂಲ್ ಸಾಲಿನ) ಕೊನೆಯಲ್ಲಿ ಡ್ರಾಪ್ ಇದ್ದರೆ, ಆ ಡ್ರಾಪ್‌ಗಿಂತ ಮುಂಚೆ ಪ್ರೋಟೋಕಾಲ್ 112ಕ್ಕೆ (ಅದೇ ವಿಆರ್‌ಆರ್‌ಪಿ) ಅಕ್ಸೆಪ್ಟ್ ಹಾಕಿ, ಇಲ್ಲದಿದ್ದರೆ ಎರಡೂ ಮಾಸ್ಟರ್.

ಕಷ್ಟ ಇರುವುದು ಬೇರೆ ಕಡೆ. ಲ್ಯಾನ್ ಮೇಲಿನ ವಿಆರ್‌ಆರ್‌ಪಿಗೆ ವ್ಯಾನ್ ಕಡೆ ಏನಾಯಿತೆಂದು ಗೊತ್ತಿಲ್ಲ. ಮಾಸ್ಟರ್‌ನ ವ್ಯಾನ್ ಕೇಬಲ್ ಕಿತ್ತರೂ ಅದು ಮಾಸ್ಟರ್ ಆಗಿಯೇ ಮೆರೆಯುತ್ತಿರುತ್ತದೆ. ಅದರೊಳಗಿನ ನೆಟ್‌ವಾಚ್ ಎಂಬ ನಿಗಾ ಸಾಧನದಿಂದ ಹೊರಗಿನ ಐಪಿ ನೋಡಿ ಪ್ರಯಾರಿಟಿ ಇಳಿಸುವ ಸ್ಕ್ರಿಪ್ಟ್ ನೀವೇ ಬರೆಯಬೇಕು. ಕಾನ್ಫಿಗರೇಷನ್ ಸಿಂಕ್ ಎನ್ನುವುದು ಅದರೊಳಗೆ ಇಲ್ಲ. ಒಂದರಲ್ಲಿ ಪೋರ್ಟ್ ಫಾರ್ವರ್ಡ್ ಹಾಕಿ ಇನ್ನೊಂದರಲ್ಲಿ ಮರೆತರೆ, ಆರು ತಿಂಗಳ ನಂತರ ಫೇಲ್‌ಓವರ್ ಆದ ದಿನ ಅದು ಬಯಲಿಗೆ ಬರುತ್ತದೆ. ಮೈಕ್ರೋಟಿಕ್‌ನ ಸಾಫ್ಟ್‌ವೇರ್ ಆದ ರೂಟರ್‌ಒಎಸ್ 7ರಲ್ಲಿ ಕನೆಕ್ಷನ್ ಟ್ರ್ಯಾಕಿಂಗ್ ಸಿಂಕ್ ಬಂದಿದೆ, ಆದರೆ ಎರಡು ಬಾಕ್ಸ್ ಬೇರೆಬೇರೆ ವ್ಯಾನ್ ಐಪಿಯಿಂದ ನ್ಯಾಟ್ ಮಾಡುತ್ತಿದ್ದರೆ ಅದರಿಂದ ಲಾಭವಿಲ್ಲ.

ಒಂದು ಕಡೆ ಮಾತ್ರ ಇದು ಉಳಿದೆರಡನ್ನೂ ಮೀರಿಸುತ್ತದೆ: ಪಿಪಿಪಿಒಇ ಒಂದೇ ಗತಿ, ಒಎನ್‌ಟಿ ಬ್ರಿಡ್ಜ್‌ನಲ್ಲೇ ಇರಬೇಕು ಎಂದಾಗ. ಮಾಸ್ಟರ್ ಆದಾಗ ಪಿಪಿಪಿಒಇ ಕ್ಲೈಂಟ್ ಆನ್, ಬ್ಯಾಕಪ್ ಆದಾಗ ಆಫ್ ಎಂದು ವಿಆರ್‌ಆರ್‌ಪಿಯ ಆನ್-ಮಾಸ್ಟರ್, ಆನ್-ಬ್ಯಾಕಪ್ ಜಾಗದಲ್ಲಿ ಒಂದೊಂದು ಸಾಲು ಬರೆದರಾಯಿತು. ಆದರೆ ಮಾಸ್ಟರ್ ಪವರ್ ಹೋಗಿ ಸತ್ತಿದ್ದರೆ ಕಂಪನಿಯ ಕಡೆ ಹಳೆಯ ಸೆಷನ್ ಇನ್ನೂ ಜೀವಂತ ಎಂದೇ ಲೆಕ್ಕ. ಒಂದು ಯೂಸರ್‌ಗೆ ಒಂದೇ ಸೆಷನ್ ಎಂಬ ನಿಯಮವಿದ್ದರೆ ಅದು ಟೈಮ್‌ಔಟ್ ಆಗುವ ತನಕ ಹೊಸ ಡಯಲ್ ಆಗುವುದಿಲ್ಲ.

ಕಪಾಟಿನಲ್ಲಿಟ್ಟ ಬದಲಿ ಬಾಕ್ಸ್: 20 ಕಂಪ್ಯೂಟರ್ ಕೆಳಗಿನವರಿಗೆ ಇದೇ ಸರಿ. ತಿಂಗಳಿಗೊಮ್ಮೆ ಅದಕ್ಕೆ ಬ್ಯಾಕಪ್ ಫೈಲ್ ಹಾಕಿ, ಒಮ್ಮೆ ಆನ್ ಮಾಡಿ ನೋಡಿ.

ಪವರ್ ಬಗ್ಗೆ ಮೂರಕ್ಕೂ ಅನ್ವಯಿಸುವ ಮಾತು. ಎರಡೂ ಬಾಕ್ಸನ್ನು ಒಂದೇ ಯುಪಿಎಸ್‌ಗೆ ಹಾಕಿದರೆ ಜೋಡಿಯಾಗಿ ಹೋಗುತ್ತವೆ. ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ಬೇರೆ ಯುಪಿಎಸ್ ಅಥವಾ ಇನ್ವರ್ಟರ್ ಸಾಲಿಗೆ ಕೊಡಿ. ಕಂಪನಿಯವರ ಮೀಡಿಯಾ ಕನ್ವರ್ಟರ್ ಅಥವಾ ಒಎನ್‌ಟಿಯ ಪುಟ್ಟ ಅಡಾಪ್ಟರ್ ಗೋಡೆಯ ಸಾದಾ ಸಾಕೆಟ್‌ನಲ್ಲಿ ನೇತಾಡುತ್ತಿರುವುದನ್ನು ಎಲ್ಲ ಕಡೆ ಕಾಣುತ್ತೀರಿ. ಕರೆಂಟ್ ಹೋದಾಗ ಮೊದಲು ಸಾಯುವುದು ಅದೇ. ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ಫ್ಯಾನಿಲ್ಲದ ಬಾಕ್ಸುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ನಡುವೆ ಒಂದು ರ‍್ಯಾಕ್ ಯೂನಿಟ್ ಖಾಲಿ ಬಿಡಿ. ಅದಿರು ಲಾರಿ ಓಡಾಡುವ ರಸ್ತೆ ಬದಿಯಲ್ಲಿದ್ದರೆ ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ.

ತೀರ್ಪು ನನ್ನ ಜೇಬು ಮತ್ತು ಅಭ್ಯಾಸದ್ದು. ಒಮ್ಮೆ ದುಡ್ಡು ಹಾಕಿದರೆ ಮತ್ತೆ ವರ್ಷವರ್ಷ ಕೈ ಚಾಚಬಾರದು, ರೂಲ್ ಬದಲಾವಣೆ ನಾನೇ ಮಾಡುತ್ತೇನೆ, /29 ಕೊಡುವ ಲೈನ್ ಸಿಕ್ಕಿದೆ. ಈ ಮೂರೂ ನಿಮಗೂ ನಿಜವಾದರೆ ಪಿಎಫ್‌ಸೆನ್ಸ್ ಜೋಡಿ. /30 ಬಿಟ್ಟು ಬೇರೆ ಸಿಗುವುದಿಲ್ಲ, ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಎತ್ತುವ ಡೀಲರ್ ಬೇಕು, ಚಂದಾ ಕಟ್ಟಲು ಆಡಳಿತ ಒಪ್ಪಿದೆ ಎಂದರೆ ಫೋರ್ಟಿಗೇಟ್, ಎರಡು ಮಾತಿಲ್ಲ. ಮೈಕ್ರೋಟಿಕ್ ಜೋಡಿ ಸ್ಕ್ರಿಪ್ಟ್ ಬರೆದು ಅದನ್ನು ಕಾಗದದಲ್ಲೂ ಬರೆದಿಡುವ ಶಿಸ್ತಿನವರಿಗೆ ಮಾತ್ರ.

ಯಾವುದನ್ನೇ ಕಟ್ಟಿ, ಬಾಕ್ಸ್ ನಡುವಿನ ಆ ಒಂದು ಅಡಿ ಕೇಬಲ್‌ಗೆ ಕೆಂಪು ಬಣ್ಣದ್ದು ತನ್ನಿ, ಎರಡೂ ತುದಿಗೆ ‘ಕೀಳಬೇಡಿ’ ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ. ಸಿಸಿಟಿವಿ ರಿಪೇರಿಗೆ ಬಂದವರ ಕೈಗೆ ಪೋರ್ಟ್ ಬೇಕಾದಾಗ ಕಣ್ಣಿಗೆ ಬೀಳುವುದು ಎಲ್ಲಿಗೂ ಹೋಗದಂತೆ ಕಾಣುವ ಆ ಗಿಡ್ಡ ಕೇಬಲ್ಲೇ.